ಮುಂಬಯಿ ಅಕ್ಕನಿಗೆ ಪ್ರಶ್ನೆ: ‘ಎಲ್ಲಿ ಇಳಿಯೋದು?’

ಮುಂಬಯಿ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೋದ ತಿಂಗಳು ಬಾಯಿ ಬಿಟ್ಟಿದ್ದೆ. ಒಂದು ಚೀಲ ಪತ್ರ ಬಂದಿದೆ. ಎಲ್ಲಕ್ಕೂ ಉತ್ತರ ಕೊಡಲು ಆಗುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಈ ಅಂಕಣಕ್ಕೆ ಹೊಸಬರಾದವರಿಗೆ ನನ್ನ ಪರಿಚಯ ಇಷ್ಟು: ಹುಟ್ಟಿದ್ದು ಕುಂದಾಪುರದ ಹತ್ತಿರ. 1977ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಮೊದಲು ಘಾಟ್ಕೋಪರದ ಚಾಳಿನಲ್ಲಿ ಒಂದು ಖೋಲಿ, 1989ರಿಂದ ಡೊಂಬಿವಲಿ. ಮೂವತ್ತಮೂರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದು ಈಗ ನಿವೃತ್ತಿ.

ಮಗನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲವಂತೆ, ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲವಂತೆ. ನಿಜವೇ ಅಕ್ಕ?
— ಒಬ್ಬ ತಾಯಿ, ಹಾವೇರಿ

ಅರ್ಧ ನಿಜ ಕಣಮ್ಮ. ಮುಖ ನೋಡುತ್ತಾರೆ. ಆದರೆ ‘ಯಾರ ಮಗ, ಯಾವ ಊರು, ಯಾವ ಜನ’ ಅಂತ ಮೊದಲಿಗೇ ಕೇಳುವುದಿಲ್ಲ. ಅವರ ಮೊದಲ ಪ್ರಶ್ನೆ ಬೇರೆ.

1979ರಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಸಂಜೆ ವಿಟಿಯಿಂದ, ಅಂದರೆ ಈಗಿನ ಸಿಎಸ್‌ಎಂಟಿ ಸ್ಟೇಷನ್ನಿನಿಂದ, ಘಾಟ್ಕೋಪರಕ್ಕೆ ಲೇಡೀಸ್ ಡಬ್ಬಿ ಹತ್ತಿದೆ. ನೂಕುನುಗ್ಗಲಿನಲ್ಲಿ ಅದು ಹೇಗೋ ಸೀಟು ಸಿಕ್ಕಿತು. ಎದುರು ನಿಂತ ಹೆಂಗಸು ನನ್ನ ಭುಜ ತಟ್ಟಿ ‘ಕುಠೇ?’ ಅಂದಳು. ಇಂಗ್ಲಿಷ್ ಬರುತ್ತಿತ್ತು, ಹಿಂದಿ ಪರೀಕ್ಷೆ ಪಾಸಾಗಿದ್ದೆ, ಮರಾಠಿ ಮಾತ್ರ ಸೊನ್ನೆ. ಚಾಳಿನಲ್ಲಿ ಅರ್ಧ ಜನ ನಮ್ಮ ಕಡೆಯವರೇ ಇದ್ದುದರಿಂದ ಎರಡು ವರ್ಷ ಕಲಿಯುವ ಗರಜೇ ಬಿದ್ದಿರಲಿಲ್ಲ. ಪಾಪ, ಊರು ಯಾವುದು ಅಂತ ಕೇಳುತ್ತಿದ್ದಾಳೆ ಅಂದುಕೊಂಡು ‘ಕುಂದಾಪುರ’ ಅಂದೆ. ಅವಳು ಬಾಗಿಲ ಮೇಲಿನ ಸ್ಟೇಷನ್ ಪಟ್ಟಿ ನೋಡಿದಳು. ಪಕ್ಕದವಳನ್ನು ಕೇಳಿದಳು. ‘ಕುಂದಾಪುರ ಕಲ್ಯಾಣದ ಆಚೆಗಾ, ಈಚೆಗಾ?’ ಅಂತ ಡಬ್ಬಿಯಲ್ಲಿ ಚರ್ಚೆಯೇ ಶುರುವಾಯಿತು. ಅವಳು ಕೇಳಿದ್ದು ನಾನು ಎಲ್ಲಿ ಇಳಿಯುತ್ತೇನೆ ಅಂತ. ನಾನು ಇಳಿದ ಮೇಲೆ ಆ ಸೀಟು ಅವಳದ್ದು. ಆಮೇಲೆ ನಾನು ಕೆಲಸ ಬಿಡುವವರೆಗೂ ಆ ಟ್ರೇನಿನಲ್ಲಿ ನನ್ನ ಹೆಸರು ‘ಕುಂದಾಪುರ’ ಎಂದೇ ಆಯಿತು. ನಿಜವಾದ ಹೆಸರು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

ಹೆಸರು ಗೊತ್ತಿಲ್ಲದ ಅದೇ ಹೆಂಗಸರು ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವಳಾಗಿ ನನಗೆ ಜಾಗ ಕೊಟ್ಟಿದ್ದಾರೆ. ಅದಕ್ಕೆ ‘ಚೌಥಿ ಸೀಟ್’ ಅಂತಾರೆ. ಅರ್ಧ ದೇಹ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ನನ್ನ ಮಡಿಲಿನ ಬಟಾಣಿಯನ್ನು ಕೇಳದೆಯೇ ತೆಗೆದುಕೊಂಡು ಸುಲಿದು ಕೊಟ್ಟಿದ್ದಾರೆ. ಥಾಣೆ ಬರುವಷ್ಟರಲ್ಲಿ ರಾತ್ರಿಯ ಪಲ್ಯ ಹೆಚ್ಚಿ ರೆಡಿ. ದಸರೆಗೆ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟಿ ಆರತಿ ಮಾಡುತ್ತಿದ್ದೆವು. ನನಗೆ ಏಳು ತಿಂಗಳಾದಾಗ ಸೀಮಂತವೂ ಟ್ರೇನಿನಲ್ಲೇ ಆಯಿತು. ನಿಮ್ಮ ಮಗನಿಗೆ ಹೇಳಿ, ಮೊದಲ ತಿಂಗಳು ಒಂಟಿ ಅನ್ನಿಸುತ್ತದೆ. ದಿನಾ ಒಂದೇ ಟ್ರೇನು, ಒಂದೇ ಡಬ್ಬಿ ಹಿಡಿಯಲಿ. ಉಳಿದದ್ದು ತಾನಾಗಿ ಆಗುತ್ತದೆ.

ಮುಂಬಯಿಯ ಮೂಲ ನಿವಾಸಿಗಳು ಯಾರು?
— ವಿದ್ಯಾರ್ಥಿ, ಧಾರವಾಡ

ಕೋಳಿ ಅನ್ನುವ ಸಮುದಾಯದವರು. ಮೀನು ಹಿಡಿಯುವ ಜನ. ಮುಂಬಾದೇವಿ ಅವರ ದೇವತೆ, ಊರಿನ ಹೆಸರು ಬಂದದ್ದೂ ಅಲ್ಲಿಂದಲೇ ಅಂತಾರೆ. ಆಗ ಇದು ಊರೇ ಅಲ್ಲ, ಏಳು ದ್ವೀಪ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿಯ ಮದುವೆಗೆ ವರದಕ್ಷಿಣೆಯಾಗಿ ಇಂಗ್ಲೆಂಡಿನ ರಾಜನಿಗೆ ಇದನ್ನು ಬರೆದುಕೊಟ್ಟರು. 1668ರಲ್ಲಿ ಆ ರಾಜ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಇವತ್ತು ಆ ದುಡ್ಡಿಗೆ ಇಲ್ಲಿ ಒಂದು ಸ್ಕೂಟರ್ ನಿಲ್ಲಿಸಲೂ ಜಾಗ ಸಿಗಲ್ಲ!

ಕೋಳಿವಾಡಗಳು ಇನ್ನೂ ಇವೆ. ವರ್ಲಿಯಲ್ಲಿ, ಮಾಹಿಮದಲ್ಲಿ, ವರ್ಸೋವದಲ್ಲಿ. ಸುತ್ತ ಗಾಜಿನ ಕಟ್ಟಡ, ನಡುವೆ ಬಲೆ ಹರಡಿದ ಅಂಗಳ. ವರ್ಸೋವಕ್ಕೆ ಹೋದರೆ ಬೊಂಬಿಲ್ ಮೀನು ಒಣಗಿಸುವುದನ್ನು ನೋಡಿ. ಎರಡೆರಡು ಮೀನಿನ ಬಾಯಿಗೆ ಬಾಯಿ ಸಿಕ್ಕಿಸಿ ಬಿದಿರಿನ ಚೌಕಟ್ಟಿಗೆ ನೇತು ಹಾಕುತ್ತಾರೆ, ಒಗೆದ ಬಟ್ಟೆ ಹಾಕಿದ ಹಾಗೆ. ನಾನು ಕಡಲ ತೀರದವಳು, ಒಣಮೀನು ಹೊಸದಲ್ಲ. ಆದರೂ ಮೊದಲ ಸಲ ನೋಡಿದಾಗ ಹತ್ತು ನಿಮಿಷ ನಿಂತುಬಿಟ್ಟೆ. ಒಂದು ಎಚ್ಚರಿಕೆ: ಕೋಳಿ ಹೆಂಗಸಿನ ಹತ್ತಿರ ಚೌಕಾಸಿ ಮಾಡುವಾಗ ತೀರಾ ಕಡಿಮೆಗೆ ಕೇಳಬೇಡಿ. ಪಾಪ್ಲೆಟ್ ಸಿಗುವುದಿಲ್ಲ, ಬೈಗುಳ ಧಾರಾಳ ಸಿಗುತ್ತದೆ.

ಮುಂಬಯಿಗೆ ಹೋಗುವ ಮೊದಲು ಹಿಂದಿ ಕಲಿಯಲೋ ಮರಾಠಿ ಕಲಿಯಲೋ?
— ಓದುಗರು, ಚಿಕ್ಕಮಗಳೂರು

ಹಿಂದಿಯಿಂದ ಹೊಟ್ಟೆ ತುಂಬುತ್ತದೆ. ಮರಾಠಿಯಿಂದ ಎದುರಿನವರ ಮುಖ ಅರಳುತ್ತದೆ. ಎರಡೂ ಕಲಿಯಿರಿ.

ಆದರೆ ಇಲ್ಲಿನ ಹಿಂದಿ ಪುಸ್ತಕದ ಹಿಂದಿಯಲ್ಲ. ಪರ ಊರಿನ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ನಾನು ಕೂತಿದ್ದಾಗ 180ಕ್ಕೆ ಫೋನ್ ಮಾಡಿ ಜನ ಕಾಲ್ ಬುಕ್ ಮಾಡುತ್ತಿದ್ದರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಮಾತು ಮೂರು ನಿಮಿಷದ ಲೆಕ್ಕ. ಮುಖ ಕಾಣದೆಯೇ ಯಾರು ಯಾವ ಕಡೆಯವರು ಅಂತ ನಾಲ್ಕು ಶಬ್ದದಲ್ಲಿ ಗೊತ್ತಾಗುತ್ತಿತ್ತು. ಪಾರ್ಸಿ ಅಜ್ಜಿಯರು ‘ದೀಕ್ರಿ’ ಅಂತ, ಅಂದರೆ ಮಗಳೇ ಅಂತ, ಶುರು ಮಾಡುತ್ತಿದ್ದರು. ಬಾಂದ್ರಾದ ಕ್ರಿಶ್ಚಿಯನ್ನರು ಹೆಣ್ಣಿಗೂ ಗಂಡಿಗೂ ‘ಮೆನ್’ ಸೇರಿಸುತ್ತಿದ್ದರು. ಉಲ್ಹಾಸನಗರದ ಸಿಂಧಿ ವ್ಯಾಪಾರಿ ಅರ್ಜೆಂಟ್ ಬುಕ್ ಮಾಡಿ, ಆರ್ಡಿನರಿ ರೇಟಿಗೆ ಕೊಡ್ತೀರಾ ಅಂತ ಕೇಳುತ್ತಿದ್ದ. ಕೇಳುವುದರಲ್ಲಿ ತಪ್ಪೇನು ಅಲ್ವಾ?

ನಮ್ಮವರದ್ದು ಬೇರೆಯೇ ಕಥೆ. ಹಿಂದಿಯಲ್ಲಿ ಉಡುಪಿಗೋ ಮಂಗಳೂರಿಗೋ ಕಾಲ್ ಕೇಳುತ್ತಿದ್ದ ಹೋಟೆಲಿನವರಿಗೆ ನಾನು ಕನ್ನಡದಲ್ಲಿ ‘ನಂಬರ್ ಹೇಳಿ’ ಅಂದರೆ ಒಂದು ಕ್ಷಣ ಮೌನ. ಆಮೇಲೆ ‘ನಿಮ್ಗೆ ಯಾವ್ ಊರಾಯ್ತು?’ ನಂಬರ್ ಮರೆತೇ ಹೋಗುತ್ತಿತ್ತು. ಊರು ಕೇಳದೆ ನಮ್ಮವರಿಗೆ ಮಾತು ಮುಂದೆ ಹೋಗುವುದಿಲ್ಲ. ಮುಂಬಯಿಯ ಬೇರೆ ಯಾರಲ್ಲೂ ಆ ಚಾಳಿ ಇಷ್ಟು ಕಂಡಿಲ್ಲ.

ಉಡುಪಿ ಹೋಟೆಲುಗಳ ಕಥೆ ಹೇಳಿ. ನಮ್ಮ ಅಜ್ಜನೂ ‘ಬೊಂಬಾಯಿ’ಗೆ ಓಡಿಹೋಗಿದ್ದವರು.
— ಓದುಗರು, ಬಂಟ್ವಾಳ

ನಿಮ್ಮ ಅಜ್ಜ ಮಾತ್ರ ಅಲ್ಲ, ಕರಾವಳಿಯ ಅರ್ಧ ಅಜ್ಜಂದಿರು ಓಡಿ ಬಂದವರೇ. ನಮ್ಮ ಮನೆಯವರೂ 1961ರಲ್ಲಿ ಹದಿಮೂರನೇ ವಯಸ್ಸಿನಲ್ಲಿ ಬಂದರು. ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಟೇಬಲ್ ಜೋಡಿಸಿದರೆ ಅದೇ ಹಾಸಿಗೆ. ಅವರ ಆಸ್ತಿ ಒಂದು ತಗಡಿನ ಟ್ರಂಕು, ಅದು ಮೇಲೆ ಅಟ್ಟದಲ್ಲಿ. ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟಿನ ಪಾತ್ರೆ ಎತ್ತಲು ಎಬ್ಬಿಸುತ್ತಿದ್ದರಂತೆ. ಇದನ್ನು ಅವರು ಹೇಳುವಾಗ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಹದಿಮೂರು ವರ್ಷದ ಹುಡುಗ ಅದು.

ಅವರನ್ನು ಉಳಿಸಿದ್ದು ಕನ್ನಡ ರಾತ್ರಿ ಶಾಲೆ. ಸಂಜೆ ಕೈ ಒರೆಸಿಕೊಂಡು ಓಡುವುದು. ಬೆರಳೆಲ್ಲ ನೀರಿನಲ್ಲಿ ನೆಂದು ಸುಕ್ಕುಗಟ್ಟಿ ಪೆನ್ಸಿಲ್ ಜಾರುತ್ತಿತ್ತಂತೆ. ಬೆಂಚಿನ ತುಂಬ ಅಂಥವರೇ. ಮೇಷ್ಟ್ರು ಪಾಠ ಮಾಡುವಾಗ ನಿದ್ದೆ ಹೋದವರನ್ನು ಎಬ್ಬಿಸುತ್ತಿರಲಿಲ್ಲವಂತೆ. ‘ಮಲಗಲಿ, ಅವನು ಎರಡು ಗಂಟೆಯಾದರೂ ಮಲಗಲಿ’ ಅನ್ನುತ್ತಿದ್ದರಂತೆ. ಹೀಗೆ ಓದಿ ಇಪ್ಪತ್ತೊಂದಕ್ಕೆ ಎಸ್ಸೆಸ್ಸಿ ಪಾಸು. ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತೆ ಕೆಲಸ. ಅದನ್ನು ನೋಡಿಯೇ ನನ್ನ ಅಪ್ಪ ಹೆಣ್ಣು ಕೊಟ್ಟದ್ದು.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ನಾಲ್ಕು ದಿನದ ಮಾತು ಅಂದುಕೊಂಡದ್ದು ಮುಗಿಯಲೇ ಇಲ್ಲ. ಇವರ ಗಿರಣಿಯ ಬಾಗಿಲು ಮತ್ತೆ ಸರಿಯಾಗಿ ತೆರೆಯಲಿಲ್ಲ. ಇವರು ವಾಪಸ್ ಹೋಟೆಲಿಗೆ ಬಂದರು. ಈ ಸಲ ಗಲ್ಲಾದ ಮೇಲೆ. ನಮಗೆ ಕೊನೆಗೆ ಕೂರಲು ಒಂದು ಗಲ್ಲಾ ಇತ್ತು. ಲಾಲ್‌ಬಾಗ್, ಪರೇಲಿನ ಮರಾಠಿ ಗಿರಣಿ ಮನೆಗಳಿಗೆ ಅದೂ ಇರಲಿಲ್ಲ. ಈಗ ಆ ಗಿರಣಿಗಳ ಜಾಗದಲ್ಲಿ ಮಾಲ್‌ಗಳು. ಚಿಮಣಿ ಒಂದನ್ನು ಮಾತ್ರ ಚಂದಕ್ಕೆ ಅಂತ ಉಳಿಸಿಕೊಂಡಿದ್ದಾರೆ. ನಮ್ಮ ಮನೆಯವರು ಆ ಕಡೆ ಕಾಲಿಡುವುದಿಲ್ಲ.

ಹೋಟೆಲ್ ನೋಡಬೇಕಿದ್ದರೆ ಮಾಟುಂಗಾಕ್ಕೆ ಬನ್ನಿ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಪಕ್ಕದಲ್ಲೇ ಇದೆ. ಬಾಳೆಲೆ ಊಟ. ಹತ್ತಿರದಲ್ಲೇ 1926ರಲ್ಲಿ ಹುಟ್ಟಿದ ಕನ್ನಡಿಗರ ಸಂಘ, ಮೈಸೂರು ಅಸೋಸಿಯೇಷನ್. ದೋಸೆ ಹೊಯ್ಯುವವನ ಹತ್ತಿರ ಮಾತ್ರ ತುಳುವಿನಲ್ಲಿ ಮಾತಾಡಲು ಹೋಗಬೇಡಿ. ಅವನು ಈಗ ಒಡಿಶಾದವನೋ ಜಾರ್ಖಂಡಿನವನೋ ಆಗಿರುತ್ತಾನೆ. ನಮ್ಮ ಹುಡುಗರು ಕಂಪ್ಯೂಟರ್ ಮುಂದೆ ಕೂತರು, ಒಳ್ಳೆಯದೇ ಆಯಿತು. ಆದರೆ ಆ ಒಡಿಶಾದ ಹುಡುಗನಿಗೆ ರಾತ್ರಿ ಶಾಲೆ ಇದೆಯಾ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ನಮ್ಮವರು ಅಂದರೆ ಬರೀ ಇಡ್ಲಿ ಸಾಂಬಾರ್ ಅಲ್ಲ. 1949ರಲ್ಲಿ ಮಂಗಳೂರಿನಿಂದ ಬಂದ ಹುಡುಗನೊಬ್ಬ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದ. ಟ್ಯಾಕ್ಸಿಯವರನ್ನು, ಹೋಟೆಲ್ ಹುಡುಗರನ್ನು ಸಂಘ ಕಟ್ಟಿ ನಿಲ್ಲಿಸಿದ. 1967ರಲ್ಲಿ ಮುಂಬಯಿಯ ಅರಸ ಅನ್ನಿಸಿಕೊಂಡಿದ್ದ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನೇ ಚುನಾವಣೆಯಲ್ಲಿ ಸೋಲಿಸಿದ. ಜಾರ್ಜ್ ಫರ್ನಾಂಡಿಸ್. ಅವರ ರಾಜಕೀಯ ಆಮೇಲೆ ಎಲ್ಲೆಲ್ಲಿಗೋ ಹೋಯಿತು, ಅದರ ತಕರಾರು ನನಗೂ ಇದೆ. ಆದರೆ ನಮ್ಮ ಮನೆಯವರ ತಗಡಿನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ ಫೋಟೋ ಅವರದ್ದೇ.

ಮುಂಬಯಿಯಲ್ಲಿ ‘ಮೈಸೂರು ಮಸಾಲೆ’ ತಿಂದೆ. ಒಳಗೆ ಬೀಟ್ರೂಟು, ಕ್ಯಾಪ್ಸಿಕಂ! ಇದೇನು ಅನ್ಯಾಯ?
— ಮೈಸೂರಿನವನೇ, ಮೈಸೂರು

ಮುಂಬಯಿಯ ದೋಸೆಗೆ ಮೈಸೂರು ಗೊತ್ತಿಲ್ಲ ಸ್ವಾಮಿ, ಅದಕ್ಕೆ ಗೊತ್ತಿರುವುದು ಪಕ್ಕದ ಪಾವ್‌ಭಾಜಿ ಗಾಡಿ. ಸುಮ್ನೆ ತಿನ್ನಿ. ಚಟ್ನಿ ಎರಡನೇ ಸಲ ಕೇಳಿದರೆ ಕೊಡುತ್ತಾರೆ.

ಅಲ್ಲಿ ಬಾಡಿಗೆ ಮನೆಗೆ ಜಾತಿ, ಊಟ ಎಲ್ಲ ಕೇಳುತ್ತಾರಂತೆ. ಎಲ್ಲರ ಊರು ಅಂತ ಹೆಸರಿದೆಯಲ್ಲ ಮತ್ತೆ?
— ಓದುಗರು, ಹಾಸನ

ಕೇಳುತ್ತಾರೆ. ಮುಚ್ಚಿಡುವುದಿಲ್ಲ. ಟ್ರೇನಿನಲ್ಲಿ ಎಲ್ಲಿ ಇಳಿಯುತ್ತೀ ಅಂತ ಮಾತ್ರ ಕೇಳುವ ಇದೇ ಜನ, ಬಿಲ್ಡಿಂಗಿನ ಮೆಟ್ಟಿಲು ಹತ್ತಿದ ಕೂಡಲೇ ಬೇರೆಯಾಗುತ್ತಾರೆ. ಸರ್‌ನೇಮ್ ಏನು? ವೆಜ್ಜಾ ನಾನ್‌ವೆಜ್ಜಾ? ಮದುವೆಯಾಗಿದೆಯಾ? ಮುಸ್ಲಿಂ ಹೆಸರಿನವರಿಗಂತೂ ‘ಈಗಷ್ಟೇ ಬುಕ್ಕಾಯಿತು’ ಅನ್ನುವುದು ಮಾಮೂಲು. ನನ್ನ ಆಫೀಸಿನ ಗೆಳತಿಯೊಬ್ಬಳು ಒಂದೇ ವಾರದಲ್ಲಿ ಆರು ಸಲ ಆ ಮಾತು ಕೇಳಿಸಿಕೊಂಡಳು. ಬರೋಬ್ಬರಿ ಆರು ಸಲ, ಒಂದು ಶಬ್ದವೂ ಬದಲಾಗದೆ.

ನಾವು 1989ರಲ್ಲಿ ಮನೆ ಹುಡುಕುವಾಗ ದಲ್ಲಾಳಿ ಮೊದಲೇ ಪಾಠ ಹೇಳಿಕೊಟ್ಟ: ‘ಮೀನು ತಿನ್ನಲ್ಲ ಅನ್ನಿ. ಆಮೇಲೆ ಕಿಟಕಿ ಮುಚ್ಚಿ ತಿನ್ನಿ.’ ನಮ್ಮ ಮನೆಯವರು ತಲೆ ಆಡಿಸಿದರು. ಒಂದು ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ನನ್ನ ಕಡೆ ತಿರುಗಿ ‘ನೀವು ಪ್ಯೂರ್ ವೆಜ್ ಅಲ್ವಾ ಬಹೆನ್‌ಜೀ?’ ಅಂದ. ಕುಂದಾಪುರದ ಹೊಳೆ ದಂಡೆಯಲ್ಲಿ ಹುಟ್ಟಿ ಅಷ್ಟು ದೊಡ್ಡ ಸುಳ್ಳು ಹೇಳಲು ನಾಲಗೆ ಬರಲಿಲ್ಲ. ‘ಅಲ್ಲ’ ಅಂದೆ. ಮನೆ ಹೋಯಿತು. ಮೆಟ್ಟಿಲು ಇಳಿಯುವಾಗ ‘ಎಂತ ಮಾರಾಯ್ತಿ ನೀನು, ಒಂದು ಹೂಂ ಅಂದಿದ್ದರೆ ಆಗುತ್ತಿತ್ತು’ ಅಂತ ಇವರು ಬೈದರು. ಎರಡು ತಿಂಗಳ ಮೇಲೆ ಸಿಕ್ಕ ಮನೆಯ ಕೆಳಗೆ ಒಬ್ಬ ಮಾಲ್ವಣಿ ಅಜ್ಜಿ ಇದ್ದಳು. ನಾವು ಸಾಮಾನು ಇಳಿಸುವ ದಿನವೇ ಬಂಗುಡೆ ಹುರಿಯುತ್ತಿದ್ದಳು. ಅಲ್ಲಿಗೆ ವಿಷಯ ಇತ್ಯರ್ಥ.

ನೋಡಲೇಬೇಕಾದ ಒಂದೇ ಒಂದು ಜಾಗ ಹೇಳಿ. ಗೇಟ್‌ವೇ ಬೇಡ, ಅದು ಗೊತ್ತು.
— ಪ್ರವಾಸಪ್ರಿಯ, ತುಮಕೂರು

ಬುಧವಾರ ಮಾಹಿಮದ ಸೇಂಟ್ ಮೈಕೆಲ್ಸ್ ಚರ್ಚಿಗೆ ಹೋಗಿ. ಪ್ರತಿ ಬುಧವಾರ ನೊವೆನಾ ಪ್ರಾರ್ಥನೆ. ಸರದಿಯಲ್ಲಿ ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಶಿಲುಬೆ ಧರಿಸಿದವರು ಎಲ್ಲ ಇರುತ್ತಾರೆ. ಹೊರಗೆ ಮೇಣದ ಬೊಂಬೆ ಮಾರುತ್ತಾರೆ. ಕಾಲುನೋವಿದ್ದರೆ ಮೇಣದ ಕಾಲು. ಮಗು ಬೇಕಿದ್ದರೆ ಮೇಣದ ಮಗು. ಮನೆಗೆ ಹರಕೆ ಹೊತ್ತವರಿಗೆ ಅಂಗೈಯಷ್ಟಗಲದ ಮೇಣದ ಮನೆ, ಅದಕ್ಕೆ ಬಾಗಿಲು, ಕಿಟಕಿ ಎಲ್ಲ ಇರುತ್ತದೆ. ಈ ಊರಿನ ಜನಕ್ಕೆ ಏನು ಬೇಕು ಅಂತ ಆ ಅಂಗಡಿ ನೋಡಿದರೆ ಗೊತ್ತಾಗುತ್ತದೆ. ನಾನೂ ಒಂದು ಮನೆ ಕೊಟ್ಟಿದ್ದೆ, ಆ ಸೊಸೈಟಿಯಿಂದ ಇಳಿದು ಬಂದ ವಾರ.

ಹತ್ತಿರದಲ್ಲೇ ಮಖ್ದೂಮ್ ಶಾ ದರ್ಗಾ ಇದೆ. ಡಿಸೆಂಬರಿನ ಆಸುಪಾಸು ಅಲ್ಲಿ ನಡೆಯುವ ಜಾತ್ರೆಯಲ್ಲಿ ಮೊದಲ ಚಾದರ ಹೊದಿಸುವವರು ಮುಂಬಯಿ ಪೊಲೀಸರು. ಬ್ಯಾಂಡ್ ಸಮೇತ ಬರುತ್ತಾರೆ.

ಮಳೆ ಬರಲಿ, ಬಾಂಬ್ ಬೀಳಲಿ, ಮರುದಿನವೇ ಮುಂಬಯಿ ಎದ್ದು ನಿಲ್ಲುತ್ತದೆ. ಈ ‘ಮುಂಬಯಿ ಸ್ಪಿರಿಟ್’ನ ಗುಟ್ಟೇನು?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಮೇಷ್ಟ್ರೇ, ಈ ಶಬ್ದ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ಶಬ್ದದ ಮೇಲೆ.

2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ದಾದರಿನಿಂದ ಹೊರಟ ನನ್ನ ಟ್ರೇನು ಸಯಾನ್ ದಾಟಿ ನಿಂತೇ ಹೋಯಿತು. ಹಳಿಗಳು ಕಾಣುತ್ತಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಒಬ್ಬರ ಕೈ ಒಬ್ಬರು ಹಿಡಿದು ಇಳಿದೆವು. ಎದೆ ಮಟ್ಟ ನೀರು. ಚಪ್ಪಲಿ ಒಂದು ಹೋಯಿತು, ಇನ್ನೊಂದನ್ನು ನಾನೇ ಬಿಟ್ಟೆ. ರಸ್ತೆಯಲ್ಲಿ ಹುಡುಗರು ಹಗ್ಗ ಕಟ್ಟಿ ನಿಂತು, ತೆರೆದ ಮ್ಯಾನ್‌ಹೋಲ್ ಎಲ್ಲಿದೆ ಅಂತ ಕೂಗಿ ಹೇಳುತ್ತಿದ್ದರು. ಒಂದು ಮನೆಯ ಮೊದಲ ಮಹಡಿಯಿಂದ ಒಬ್ಬ ಹೆಂಗಸು ‘ಮೇಲೆ ಬನ್ನಿ’ ಅಂತ ಕೈ ಬೀಸಿದಳು. ಒಂದೇ ಖೋಲಿ. ನಾವು ಹನ್ನೊಂದು ಜನ. ಅವಳು ಕೇಳಿದ್ದು ಒಂದೇ: ‘ಎಲ್ಲಿಗೆ ಹೋಗಬೇಕು?’ ಡೊಂಬಿವಲಿ ಅಂದೆ. ‘ಇವತ್ತು ಆಗಲ್ಲ’ ಅಂದಳು. ತನ್ನ ಒಣ ಸೀರೆ ಕೊಟ್ಟಳು. ಖಿಚಡಿ ಮಾಡಿದಳು. ತಟ್ಟೆ ಐದೇ ಇದ್ದವು, ಸರದಿಯಲ್ಲಿ ಉಂಡೆವು. ಬೆಳಿಗ್ಗೆ ಹೊರಡುವಾಗ ಹೆಸರು ಕೇಳಲಿಲ್ಲ, ಅವಳೂ ಕೇಳಲಿಲ್ಲ. ವಾರ ಬಿಟ್ಟು ಸೀರೆ ವಾಪಸ್ ಕೊಡಲು ಹೋದೆ. ಆ ಓಣಿಯ ಮನೆಗಳೆಲ್ಲ ಒಂದೇ ಥರ. ಸಿಗಲಿಲ್ಲ. ಸೀರೆ ನನ್ನ ಹತ್ತಿರವೇ ಇದೆ, ಹಸಿರು ವಾಯಿಲ್.

ಇದು ಆ ಹೆಂಗಸಿನ ಒಳ್ಳೆಯತನ. ಇದನ್ನು ತೆಗೆದು ‘ಸ್ಪಿರಿಟ್’ ಅಂತ ಬೋರ್ಡು ಹಾಕಿದರೆ ಆ ನೀರು ಯಾಕೆ ಬಂತು ಅನ್ನುವ ಪ್ರಶ್ನೆ ಮುಳುಗಿಹೋಗುತ್ತದೆ. ಮೀಠಿ ನದಿಯನ್ನು ಎರಡೂ ಕಡೆಯಿಂದ ಒತ್ತಿ ಒತ್ತಿ ಗಟಾರ ಮಾಡಿದ್ದರು. ಊರಿನ ಮಳೆನೀರಿನ ಕಾಲುವೆಗಳು ಬ್ರಿಟಿಷರ ಕಾಲದ್ದು, ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದ್ದು. ಅದೇ ಹೊತ್ತಿಗೆ ಸಮುದ್ರದ ಭರತ ಬೇರೆ. ನೂರಾರು ಜನ ಸತ್ತರು. ಮರುದಿನ ಎದ್ದು ನಿಂತದ್ದು ಯಾಕೆ ಅಂದರೆ, ದಿನಗೂಲಿಯವನು ಮಲಗಿದರೆ ಸಂಜೆ ಒಲೆ ಹತ್ತುವುದಿಲ್ಲ. 2006ರ ಜುಲೈನಲ್ಲಿ ಲೋಕಲ್ ಟ್ರೇನುಗಳಲ್ಲಿ ಬಾಂಬ್ ಸಿಡಿದ ಮರುದಿನ ನಾನೂ ಡ್ಯೂಟಿಗೆ ಹೋದೆ. ಧೈರ್ಯದಿಂದಲ್ಲ. ಕೈಕಾಲು ನಡುಗುತ್ತಿತ್ತು. ಡಬ್ಬಿಯಲ್ಲಿ ಯಾರೂ ತರಕಾರಿ ಹೆಚ್ಚಲಿಲ್ಲ ಅವತ್ತು. ಸೀಟಿನ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆವು.

ಮುಂಬಯಿ ಕನ್ನಡಿಗರು ಅಂದರೆ ಎಲ್ಲರೂ ಶೆಟ್ಟರು, ಹೋಟೆಲು ಅಂತಲೇ ಬರೆಯುತ್ತೀರಿ. ಅಲ್ಲಿ ಕಲ್ಲು ಹೊತ್ತ ನಮ್ಮ ಮಂದಿ ನಿಮ್ಮ ಕಣ್ಣಿಗಿ ಬೀಳಂಗಿಲ್ಲೇನ್ರಿ?
— ಓದುಗರು, ವಿಜಯಪುರ

ಬಿದ್ದಿದ್ದಾರೆ ಅಣ್ಣ. ಬರೆಯದೆ ಇದ್ದದ್ದು ನನ್ನ ತಪ್ಪು.

ಬೆಳಿಗ್ಗೆ ಎಂಟಕ್ಕೆ ನಮ್ಮ ಸ್ಟೇಷನ್ ಹತ್ತಿರದ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಮೂಲೆಯಲ್ಲಿ, ನಿಂತರೆ ನಿಮ್ಮ ಕಡೆಯ ಮಾತೇ ಕೇಳುತ್ತಿತ್ತು. ವಿಜಯಪುರ, ಕಲಬುರಗಿ, ಯಾದಗಿರಿ. ಬುಟ್ಟಿ, ಸಲಿಕೆ, ಬುತ್ತಿ ಗಂಟು ಹಿಡಿದು ಗಂಡ ಹೆಂಡತಿ ಇಬ್ಬರೂ ನಿಲ್ಲುತ್ತಿದ್ದರು. ಮೇಸ್ತ್ರಿ ಬಂದು ಬೆರಳು ತೋರಿಸಿದವರಿಗೆ ಅವತ್ತಿನ ಕೆಲಸ. ಹತ್ತು ಗಂಟೆಯಾದರೂ ನಿಂತಿದ್ದಾರೆ ಅಂದರೆ ಅವತ್ತು ಕೂಲಿ ಇಲ್ಲ. ನಾನು ಹತ್ತುವ ಮೆಟ್ಟಿಲಿನ ಮರಳು ಹೊತ್ತವರು ಅವರೇ.

ಒಂದನ್ನು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮ ಬಿಲ್ಡಿಂಗ್ ಕೆಳಗೆ ಒಂದು ಎಸ್‌ಟಿಡಿ ಬೂತ್ ಇತ್ತು. ರಾತ್ರಿ 11ರ ನಂತರ ಕಾಲು ರೇಟು. ಅದಕ್ಕೇ ಆ ಹೊತ್ತಿಗೆ ನಾಕಾದ ಹೆಂಗಸರ ಸಾಲು. ದಿನವಿಡೀ ಬುಟ್ಟಿ ಹೊತ್ತು, ನಿದ್ದೆ ತಡೆದುಕೊಂಡು ಕಾಯುತ್ತಿದ್ದರು. ನಂಬರ್ ಚೀಟಿಯಲ್ಲಿ ಬರೆದು ಸೆರಗಿನ ತುದಿಗೆ ಗಂಟು ಕಟ್ಟಿರುತ್ತಿದ್ದರು. ಡ್ಯೂಟಿ ಮುಗಿಸಿ ಬರುವ ನಾನು ‘ಟೆಲಿಫೋನ್ ಬಾಯಿ’ ಅಂತ ಗೊತ್ತಾದ ಮೇಲೆ ಡಯಲ್ ಮಾಡಿಕೊಡುವ ಕೆಲಸ ನನ್ನದಾಯಿತು. ಊರಿನಲ್ಲಿ ಫೋನ್ ಇರುತ್ತಿದ್ದದ್ದು ಒಂದು ಅಂಗಡಿಯಲ್ಲಿ. ಅಂಗಡಿಯವನು ಎದ್ದರೆ ‘ಅವ್ವನ್ನ ಕರೀರಿ, ಹತ್ತ್ ಮಿನಿಟ್‌ಗೆ ಮತ್ತ ಮಾಡ್ತೀನಿ’ ಅಂದು ಇಡುವುದು. ಆ ಹತ್ತು ನಿಮಿಷ ಬೂತಿನ ಮೆಟ್ಟಿಲ ಮೇಲೆ ಕೂತಿರುವುದು.

ಒಬ್ಬಳು ಪ್ರತಿ ವಾರ ಬರುತ್ತಿದ್ದಳು. ಸಣ್ಣ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಬಂದವಳು. ಮಾತಾಡುವಾಗ ಕಣ್ಣು ಪೂರ್ತಿ ಮೀಟರಿನ ಕೆಂಪು ಅಂಕಿಯ ಮೇಲೆ. ‘ಉಂಡಿಯೇನೋ? ಸಾಲಿಗೆ ಹೋಗ್ತಿಯೇನೋ? ಅಜ್ಜಿಗೆ ಕಾಡಬ್ಯಾಡ.’ ಅಷ್ಟರಲ್ಲಿ ಐದು ರೂಪಾಯಿ ಮುಟ್ಟುತ್ತಿತ್ತು. ಒಂದು ದಿನ ಬೂತಿನ ಹುಡುಗ ನನ್ನ ಮುಖ ನೋಡಿ, ಮೀಟರಿನ ಮೇಲೆ ಒಂದು ಪೇಪರ್ ಮಡಚಿ ಇಟ್ಟುಬಿಟ್ಟ. ಅವಳು ಗಾಬರಿಯಾದಳು. ಪೇಪರ್ ಸರಿಸಿ, ಅಂಕಿ ನೋಡಿ, ಐದು ರೂಪಾಯಿಗೆ ಸರಿಯಾಗಿ ಫೋನ್ ಇಟ್ಟಳು.